ಅಲೈನ್‌ಮೆಂಟ್ ಮಲ್ಲಣ್ಣ

ಮಲ್ಲಣ್ಣ ಗಾಡಿಗೆ ಕೈ ಹಚ್ಚುವ ಮೊದಲು ಗಾಡಿಯವನಿಗೆ ಬೈಯುತ್ತಿದ್ದ. ನಾಗಪುರದ ಬಜಾಜ್ ನಗರದಲ್ಲಿ ಅವನದೊಂದು ವೀಲ್ ಅಲೈನ್‌ಮೆಂಟ್ ಅಂಗಡಿ. ಗದಗಿನ ಕಡೆಯವನು, ಬಂದು ಮೂವತ್ತು ವರ್ಷವಾಗಿತ್ತು. ವ್ಯಾಪಾರ ಮರಾಠಿಯಲ್ಲಿ, ಜಗಳ ಹಿಂದಿಯಲ್ಲಿ. ಕನ್ನಡವನ್ನು ನಮ್ಮಂಥ ಕನ್ನಡಿಗರನ್ನು ಹೀಯಾಳಿಸಲೆಂದೇ ಎತ್ತಿಟ್ಟುಕೊಂಡಿದ್ದ. ನನ್ನ ಸವೆದ ಟೈರು ನೋಡಿ ಹೆಂಡತಿಯ ಎದುರಿಗೇ, "ಸಾಹೇಬ್ರ, ನಿಮಗ ಗಾಡಿ ಯಾರ್ ಕೊಟ್ಟಾರ? ಎಮ್ಮಿ ಕಾಯಾಕೂ ಲಾಯಕ್ ಇಲ್ಲ ನೀವು" ಅಂದಿದ್ದ. ಆದರೆ ಅವನು ಸರಿಮಾಡಿದ ಗಾಡಿ ಕೈ ಬಿಟ್ಟರೂ ನೇರ ಹೋಗುತ್ತಿತ್ತು. ಹಾಗಾಗಿ ಬೈಸಿಕೊಳ್ಳಲು ಮತ್ತೆ ಮತ್ತೆ ಹೋಗುತ್ತಿದ್ದೆವು.

ನನ್ನ ಹೆಂಡತಿಯ ತಮ್ಮ ಗಿರೀಶ ಮೈಸೂರಿನಿಂದ ಕೆಲಸಕ್ಕೆ ಬಂದು ನಮ್ಮ ಮನೆಯಲ್ಲೇ ಇದ್ದ. ಹಳೆಯ ಜೀಪೊಂದನ್ನು ಕೊಂಡು ಅದರ ಸಸ್ಪೆನ್ಶನ್ ಮೂರು ಇಂಚು ಎತ್ತರಿಸಿದ. ಅಂದಿನಿಂದ ಸ್ಟೇರಿಂಗ್ ಸೊಟ್ಟಗಾಗಿ ಗಾಡಿ ಅತ್ತಿತ್ತ ಎಳೆಯತೊಡಗಿತು. ನಾನೇ ಅವನನ್ನು ಮಲ್ಲಣ್ಣನಲ್ಲಿಗೆ ಕರೆದೊಯ್ದೆ.

ಗಿರೀಶ ಗಿಡ್ಡ. ಮಲ್ಲಣ್ಣ ಜೀಪನ್ನು ನೋಡಿದ, ಅವನನ್ನು ನೋಡಿದ. "ತಾನು ಬೆಳೀಲಿಲ್ಲಂತ ಗಾಡಿ ಬೆಳಸ್ಯಾನ ನೋಡ್ರಿ!" ಕಾಯುತ್ತಿದ್ದವರಿಗಾಗಿ ಅದನ್ನೇ ಮರಾಠಿಯಲ್ಲೂ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಂದಿನ ಚಕ್ರಗಳನ್ನು ನೆಟ್ಟಗೆ ಮಾಡಿ ಎದ್ದು ನಿಂತು, "ಟೋ ಬರೋಬರ್ ಆತು, ಗಾಲಿ ನೆಟ್ಟಗ ಅದಾವ. ಆದ್ರ ಎತ್ತರ ಮಾಡಿದ್ದಕ್ಕ ಗಾಲಿ ವಾಲೋ ಕೋನ, ಕ್ಯಾಸ್ಟರ್, ಕೆಟ್ಟೈತಿ. ತಿರುಗಿಸಿದ ಸ್ಟೇರಿಂಗ್ ವಾಪಸ್ ಬರಂಗಿಲ್ಲ. ಆಕ್ಸಲ್ ಹಿಡಿಯೋ ಆರ್ಮ್ ಬದಲಿಸ್ಬೇಕು, ಗಾಡಿ ಬಿಟ್ಟು ಹೋಗು" ಅಂದ.

"ಬೇಡ. ಕೀ ಕೊಡಿ ಭಾವ" ಅಂದ ಗಿರೀಶ. ಅವನ ಕಿವಿ ಕೆಂಪಾಗಿತ್ತು.

"ಸಾಯಾಕ್ ಹೊಂಟಿ ಏನಲೇ?"

ಜೀಪು ಓಡಿಸಿಕೊಂಡು ಬಂದವನು ನಾನು, ಕೀ ನನ್ನ ಜೇಬಿನಲ್ಲಿತ್ತು. ಜಗಳ ಯಾಕೆಂದು ಕೊಟ್ಟುಬಿಟ್ಟೆ.

ಮೂರನೆಯ ದಿನ ಊರಾಚೆಯ ಮೌದಾ ರಸ್ತೆಯಲ್ಲಿ ಲಾರಿಯೊಂದನ್ನು ತಪ್ಪಿಸಲು ಗಿರೀಶ ಸ್ಟೇರಿಂಗ್ ತಿರುಗಿಸಿದ. ಅದು ಮರಳಲಿಲ್ಲ. ಜೀಪು ಡಿವೈಡರಿಗೆ ಬಡಿಯಿತು. ಅವನ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಬೇಕಾಯಿತು.

ನಾನು ಅಂಗಡಿಗೆ ಹೋಗಿ ಕೂಗಾಡಿದೆ. "ನಿಮ್ಮ ನಾಲಿಗೆಯಿಂದ ಅವನ ಕಾಲು ಹೋಯ್ತು!"

ಮಲ್ಲಣ್ಣ ಬೈಯಲಿಲ್ಲ. ಬಟ್ಟೆಯಲ್ಲಿ ಕೈ ಒರೆಸುತ್ತಾ ಮೆಲ್ಲಗೆ ಕೇಳಿದ: "ಕೀ ಕೊಟ್ಟವ್ರು ಯಾರ್ರಿ, ಸಾಹೇಬ್ರ?"

ಅದನ್ನು ನಾನು ಕ್ಷಮಿಸಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಅವನು ನಮ್ಮ ಗೇಟಿಗೆ ಬಂದ. ಒಗೆದ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. "ಗಿರೀಶಪ್ಪನ್ನ ಒಮ್ಮಿ ನೋಡ್ತೀನ್ರಿ. ಎಲ್ಲಾರ ಮುಂದ ಹಂಗ ಅನಬಾರದಿತ್ತು."

"ನಿಮ್ಮ ಮುಖ ನೋಡೋಲ್ಲ ಅಂದಿದ್ದಾನೆ."

ಗಿರೀಶನನ್ನು ನಾನು ಕೇಳಿಯೇ ಇರಲಿಲ್ಲ. ಅವನು ಒಳಗೆ ಕೃತಕ ಕಾಲು ಕಟ್ಟಿಕೊಂಡು ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ. ಹೊರಗೆ ಆ ಸದ್ದು ಕೇಳುತ್ತಿತ್ತು. ಮಲ್ಲಣ್ಣ ಬಿಸಿಲಲ್ಲಿ ನಿಂತು ಕೇಳಿಸಿಕೊಂಡು ಹೊರಟುಹೋದ. ಆಮೇಲೂ ಮೂರು ಸಲ ಬಂದ. ಪ್ರತಿ ಸಲವೂ ಅದೇ ಮಾತು ಹೇಳಿ ಕಳಿಸಿದೆ.

ಈ ವರ್ಷ ಮಲ್ಲಣ್ಣ ತೀರಿಕೊಂಡ. ಸುದ್ದಿ ಕೇಳಿ ಗಿರೀಶ ಕೃತಕ ಕಾಲಿನ ಪಟ್ಟಿ ಸಡಿಲಿಸಿ ಕೂತ. "ಅಷ್ಟು ಬೈದ್ರೂ, ಗಾಡಿ ಬಿಟ್ಟು ಹೋಗು ಅಂದೋನು ಅವನೊಬ್ಬನೇ ಭಾವ. ಆಮೇಲೆ ಒಂದು ಸಲನಾದ್ರೂ ನನ್ನ ವಿಚಾರ ಕೇಳಿದ್ನಾ?"

"ಇಲ್ಲ" ಅಂದೆ.