ಮಿಥುನ್ ಆಡಿದ ಮಾತು, ನಾನು ಹೇಳಿದ ಅರ್ಥ

ಮಿಥುನ್ ಅಂದು ಮೈದಾನದಲ್ಲಿ ಕೂತು ಡಾಕ್ಟರ ಎದುರು ಏನು ಹೇಳಿದನೋ ನನಗೆ ಅರ್ಥವಾಗಿರಲಿಲ್ಲ. ಅರ್ಥವಾಯಿತೆಂದು ಸುಳ್ಳು ಹೇಳಿ ಅವನನ್ನು ಮತ್ತೆ ಆಟಕ್ಕೆ ಇಳಿಸಿದವನು ನಾನು. ಆಟದಲ್ಲಿ ಪೆಟ್ಟಾಯಿತು, ಪಾಪ, ಹಣೆಬರಹ ಎಂದು ನಂಜನಗೂಡಿನಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೌದೆಂದು ತಲೆಯಾಡಿಸಿಕೊಂಡು ಬಂದಿದ್ದೇನೆ — ಇಷ್ಟು ವರ್ಷ. ಆದರೆ ಅವನ ಹೆಸರೆತ್ತಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ.

ನಾನು ನಂಜನಗೂಡಿನ ಶಾಲೆಯೊಂದರಲ್ಲಿ ಪಿಟಿ ಮೇಷ್ಟ್ರಾಗಿದ್ದವನು. ಕಬಡ್ಡಿ, ಖೋಖೋ ಬಿಟ್ಟು ಬೇರೆ ಕಾಣದ ಹುಡುಗರಿಗೆ ರಗ್ಬಿ ಕಲಿಸಿದೆನೆಂಬ ಹೆಮ್ಮೆ ನನಗಿತ್ತು. ಹೆಮ್ಮೆ ಎಂದರೆ ಸಣ್ಣ ಮಾತಾಯಿತು, ಕೊಬ್ಬು. ಹುಡುಗರು ಆ ಚೆಂಡನ್ನು ಮೊಟ್ಟೆ ಚೆಂಡು ಎನ್ನುತ್ತಿದ್ದರು. ಅದನ್ನು ಎದೆಗವಚಿಕೊಂಡು ಓಡಬೇಕು. ಎದುರಿನವರು ಮೈಮೇಲೆ ಬಿದ್ದು ಕೆಡವುತ್ತಾರೆ. ಎದ್ದು ಮತ್ತೆ ಓಡಬೇಕು. ಮಿಥುನನನ್ನು ಕೆಡವುವವರೇ ಇರಲಿಲ್ಲ. ಅವನು ತಿ. ನರಸೀಪುರದ ಹೊರಗಿನ ಹಕ್ಕಿಪಿಕ್ಕಿ ಕಾಲೋನಿಯವನು, ನಮ್ಮೂರಿನ ಹಾಸ್ಟೆಲಿನಲ್ಲಿದ್ದು ನಮ್ಮ ಶಾಲೆಯಲ್ಲಿ ಓದುತ್ತಿದ್ದ. ಅಪ್ಪ ಇಲ್ಲ, ಅವ್ವ ಸಂತೆಯಿಂದ ಸಂತೆಗೆ ತಿರುಗಿ ತಲೆಗೆ ಹಚ್ಚುವ ಎಣ್ಣೆ ಮಾರುತ್ತಿದ್ದರು. ಭಾನುವಾರ ಬಂತೆಂದರೆ ಅವನನ್ನು ತಲಕಾಡಿಗೆ ಕರೆದೊಯ್ದು ಮರಳಿನಲ್ಲಿ ಓಡಿಸುತ್ತಿದ್ದೆ. ಜೊತೆಗೆ ಓಡಿ ನನಗೆ ಏದುಸಿರು ಬರುತ್ತಿತ್ತು, ಅವನಿಗಲ್ಲ.

ಕಾಲೋನಿಯವರು ಮನೆಯಲ್ಲಿ ಆಡುವುದು ವಾಗ್ರಿ, ಅವರದೇ ಭಾಷೆ. ಒಮ್ಮೆ ಮೈದಾನದಲ್ಲಿ ಅವನು ಅವ್ವನ ಜೊತೆ ಫೋನಿನಲ್ಲಿ ಆ ಭಾಷೆಯಲ್ಲಿ ಮಾತಾಡಿದಾಗ ಉಳಿದ ಹುಡುಗರು ಅಣಕಿಸಿ ನಕ್ಕರು. ನಕ್ಕವರನ್ನು ಗದರಬೇಕಿತ್ತು. ನಾನು ಅವನನ್ನೇ ಗದರಿದೆ.

“ಗ್ರೌಂಡಲ್ಲಿ ನಿಮ್ ಬಾಸೆ ಬ್ಯಾಡ ಕಣ್ಲಾ. ಎಲ್ರಂಗೆ ಕನ್ನಡ ಮಾತಾಡು.”

“ಆಯ್ತು ಸಾ” ಎಂದ. ಆಮೇಲೆ ನನ್ನೆದುರು ಅವನ ಬಾಯಿಂದ ಮನೆಮಾತು ಬರಲೇ ಇಲ್ಲ. ಶಿಸ್ತು ಕಲಿಸಿದೆ ಎಂದುಕೊಂಡೆ.

ಬೆಳೆದ. ಸಂಬಳ ಕೊಟ್ಟು ಆಡಿಸುವ ಲೀಗ್ ತಂಡವೊಂದು ಅವನನ್ನು ತೆಗೆದುಕೊಂಡಿತು. ಅವನ ಬೆನ್ನಿಗೆ ಅಂಟಿಕೊಂಡು ನನಗೂ ಸಹಾಯಕ ಕೋಚ್ ಎಂದು ಬರೆದ ಟೀ ಶರ್ಟು ಸಿಕ್ಕಿತು. ಅವನಿಗೆ ಇಂಗ್ಲಿಷ್ ಬಾರದು. ಅವರು ಹೇಳಿದ್ದನ್ನು ಕನ್ನಡ ಮಾಡಿ ಇವನಿಗೆ, ಇವನು ಹೇಳಿದ್ದನ್ನು ಇಂಗ್ಲಿಷ್ ಮಾಡಿ ಅವರಿಗೆ ತಿಳಿಸುವುದೇ ನನ್ನ ಮುಖ್ಯ ಕೆಲಸ. ಪತ್ರಿಕೆಯವರು ಬಂದಾಗ, “ಕಾಡಲ್ಲಿ ಬೆಳೆದ ಮೈ ಕಣ್ರೀ, ಕಬ್ಬಿಣ, ಪೆಟ್ಟು ನಾಟಲ್ಲ” ಎಂದೆ. ಮಿಥುನ್ ಹುಟ್ಟಿದ್ದು ನರಸೀಪುರದ ಆಸ್ಪತ್ರೆಯಲ್ಲಿ, ಕಾಡು ಕಂಡಿದ್ದು ಟೀವಿಯಲ್ಲಿ. ಹೊಗಳಿಕೆ ಎಂದೇ ಹೇಳಿದ್ದೆ. ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆನೋ ಏನೋ —

ಎರಡನೇ ವರ್ಷದ ಸೆಮಿಫೈನಲ್. ಎದುರಾಳಿಯೊಬ್ಬನ ಮೊಣಕಾಲು ಅವನ ತಲೆಗೆ ಬಡಿಯಿತು. ತಲೆಗೆ ಪೆಟ್ಟು ಬಿದ್ದ ಆಟಗಾರನಿಗೆ ಡಾಕ್ಟರು ಕೆಲವು ಪ್ರಶ್ನೆ ಕೇಳುವುದು ಪದ್ಧತಿ — ಇದು ಯಾವ ಮೈದಾನ, ಹಿಂದಿನ ಪಂದ್ಯ ಯಾರ ಮೇಲೆ ಆಡಿದೆ, ಇಂಥವು. ಉತ್ತರ ತಪ್ಪಿದರೆ ಆಟದಿಂದ ಹೊರಗೆ. ಡಾಕ್ಟರು ಹೊರದೇಶದವರು, ಕೇಳಿದ್ದು ಇಂಗ್ಲಿಷಿನಲ್ಲಿ. ನಾನು ಮಂಡಿಯೂರಿ, “ಮಿಥುನಾ, ಇದ್ಯಾವ ಗ್ರೌಂಡು ಹೇಳ್ಲಾ” ಎಂದೆ. ಅವನು ನನ್ನ ಕಡೆ ತಿರುಗಿ ವಾಗ್ರಿಯಲ್ಲಿ ಏನೋ ಹೇಳಿದ. ಮೆಲ್ಲಗೆ. ಮುಂದಿನ ಪ್ರಶ್ನೆಗೂ ಅದೇ ಮಾತು.

ಅಷ್ಟು ವರ್ಷ ನನ್ನೆದುರು ಆಡದ ಭಾಷೆ. ಅವನ ತಲೆಯೊಳಗೆ ಏನೋ ಕೆಟ್ಟಿದೆ ಎಂದು ತಿಳಿಯಲು ಅಷ್ಟೇ ಸಾಕಿತ್ತು. ನನಗೆ ತಿಳಿಯಿತು ಕೂಡ. ಏನಂದ ಎಂದು ಡಾಕ್ಟರು ಕೇಳಿದರು. ನಾವು ಸೋಲುತ್ತಿದ್ದೆವು, ಸೋತರೆ ನನ್ನ ಆ ಟೀ ಶರ್ಟು — ಬೇಡ, ಅದನ್ನೊಂದು ಕಾರಣವೆಂದು ಇಲ್ಲಿ ಮುಂದಿಡುವುದಿಲ್ಲ. ಎಲ್ಲ ಸರಿಯಾಗಿ ಹೇಳಿದ, ಆಡುತ್ತೇನೆ ಎನ್ನುತ್ತಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ನಂಬಿದರು. ನಂಬದೆ ಏನು ಮಾಡಿಯಾರು? ಅವನ ಗುರು ಹೇಳುತ್ತಿದ್ದಾನೆ.

ಸ್ವಲ್ಪ ಹೊತ್ತಿಗೆ ಇನ್ನೊಂದು ಪೆಟ್ಟು. ಅಂಥ ದೊಡ್ಡದೇನಲ್ಲ. ಮಿಥುನ್ ಕುಸಿದು ಬಿದ್ದ. ಮೊದಲ ಪೆಟ್ಟು ಆರುವ ಮೊದಲೇ ಎರಡನೆಯದು ಬಿದ್ದದ್ದರಿಂದ ಹೀಗಾಯಿತು, ಮೊದಲೇ ಹೊರಗೆ ಕೂರಿಸಬೇಕಿತ್ತು ಎಂದು ಆಸ್ಪತ್ರೆಯವರು ಹೇಳಿದರು. ಜೀವ ಉಳಿಯಿತು. ಆಟ ಹೋಯಿತು, ಬಲಗೈ ಸ್ವಾಧೀನ ತಪ್ಪಿತು, ನೆನಪು ಅರ್ಧಂಬರ್ಧ. ಈಗ ಮನೆ ಮುಂದೆ ಕುರ್ಚಿಯಲ್ಲಿ ಕೂತಿರುತ್ತಾನೆ. ನನ್ನನ್ನು ಕಂಡರೆ ಏಳಲು ಒದ್ದಾಡುತ್ತಾನೆ. “ಬಸ್ಸು ಬಂತಾ ಸಾ?” ಪಂದ್ಯಕ್ಕೆ ಹೋಗುವ ಬಸ್ಸು. ಅವ್ವ ಸಂತೆಗೆ ಹೋಗುವುದನ್ನು ಬಿಟ್ಟಿದ್ದಾರೆ. ಮಗನಿಗೆ ಉಣಿಸುವವರು ಬೇರೆ ಯಾರೂ ಇಲ್ಲ.

ಹೋದ ತಿಂಗಳು ನೋಡಲು ಹೋಗಿದ್ದಾಗ ಆ ತಾಯಿ ಫೋನು ತೆಗೆದರು. ನೆರೆಮನೆಯವರು ಆ ಪಂದ್ಯದ ವಿಡಿಯೊ ಹುಡುಕಿ ಕೊಟ್ಟಿದ್ದರಂತೆ. ಟೀವಿಯವರ ಕ್ಯಾಮೆರಾ ಅಂದು ನಮ್ಮ ಪಕ್ಕದಲ್ಲೇ ಇತ್ತು. ಮಿಥುನನ ದನಿ, ನನ್ನ ದನಿ ಎರಡೂ ಸ್ಪಷ್ಟವಾಗಿ ಕೇಳಿದವು.

“ಇವ ಏನಂತಾವ್ನೆ ಗೊತ್ತಾ ಸಾ? ಕಣ್ಣು ಕಾಣ್ತಿಲ್ಲ ಅವ್ವಾ, ಮನೆಗೆ ಕರ್ಕೊಂಡೋಗು ಅಂತಾವ್ನೆ.” ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು: “ನೀವು ಇಂಗ್ಲೀಸಲ್ಲಿ ಏನಂದ್ರಿ ಸಾ ಅದ್ಕೆ?”

‘ಮನೆಗೆ ಕರೆದುಕೊಂಡು ಹೋಗು’ ಎಂದದ್ದನ್ನು ನಾನು ‘ಆಡುತ್ತೇನೆ’ ಎಂದು ಮಾಡಿದ್ದೆ. ನಿಜ ಹೇಳಲು ಇದೇ ಗಳಿಗೆ. ಮಿಥುನ್ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದ. ಬಾಯಿ ತೆರೆದೆ —

“ಅದ್ನೇ ಹೇಳ್ದೆ ಕಣವ್ವಾ. ಅವ್ರು ಕೇಳ್ನಿಲ್ಲ.”

ಆ ತಾಯಿ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. “ಅಲ್ಲಿ ನನ್ ಮಗುಂಗೆ ನೀವಾದ್ರೂ ಇದ್ರಲ್ಲ ಸಾ” ಎಂದರು.

ಮೈದಾನದಲ್ಲಿ ಹೇಳಿದ ಸುಳ್ಳು ಒಂದು ಕ್ಷಣದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆ ಮನೆಯ ಅಂಗಳದಲ್ಲಿ ಹೇಳಿದ್ದಕ್ಕೆ ಯಾವ ಸಮಾಧಾನವೂ ಇಲ್ಲ. ಅಲ್ಲಿ ಆತುರವಿರಲಿಲ್ಲ, ಸೋಲುವ ಪಂದ್ಯವಿರಲಿಲ್ಲ. ನಾನೊಬ್ಬ ಹೇಡಿ, ಅಷ್ಟೆ. ಅವರ ಕಣ್ಣೀರು ತಾಗಿದ ಕೈಯಲ್ಲಿ ಆ ದಿನ ಊಟ ಮಾಡಲಾಗಲಿಲ್ಲ.

ನಾಳೆ ನರಸೀಪುರಕ್ಕೆ ಹೋಗುತ್ತೇನೆ. ಆ ವಿಡಿಯೊ ಮತ್ತೆ ಹಾಕಿಸಿ, ನನ್ನ ದನಿ ಬರುವ ಕಡೆ ನಿಲ್ಲಿಸಿ, ನಾನು ಆಡಿದ್ದು ಏನೆಂದು ಆ ತಾಯಿಗೆ ಕನ್ನಡದಲ್ಲಿ ಹೇಳುತ್ತೇನೆ. ಅವರು ತಮ್ಮ ಮಾತಿನಲ್ಲಿ ನನ್ನನ್ನು ಶಪಿಸಿದರೆ, ಏನಂದಿರಿ ಎಂದು ಕೇಳಿ, ಒಂದೊಂದು ಮಾತೂ ಅರ್ಥವಾಗುವವರೆಗೆ ಅಲ್ಲೇ ಕೂತಿರುತ್ತೇನೆ.