ನದಿಯ ಬಳಿ ಒಂದು ಗಂಟೆ

ಲೊಂಬಾರ್ಡ್ ಎಂಬ ಅಮೆರಿಕನ್ ಊರಿನ ಆ ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಮೇಲಿನ ಮನೆ, ಅವಳದು ಕೆಳಗಿನದು. ನಾನು ಮೈಸೂರಿನವಳು, ಅವಳು ತುಮಕೂರಿನ ಸಾಬರ ಮನೆಯ ಹುಡುಗಿ. ಇಬ್ಬರೂ ಗಂಡಂದಿರ ವೀಸಾದ ಬಾಲ ಹಿಡಿದು ಬಂದವರು. ಕೆಲಸ ಮಾಡುವ ಹಾಗಿಲ್ಲ, ಕಾರು ಓಡಿಸಲು ಬರುವುದಿಲ್ಲ, ಇಡೀ ದಿನ ಕಿಟಕಿಯಲ್ಲಿ ಪಾರ್ಕಿಂಗ್ ಲಾಟ್ ನೋಡುವುದೇ ಕಸುಬು. ಎರಡು ಸಾವಿರದ ಇಸವಿಯ ಆಸುಪಾಸಿನ ಒಂದು ಬೇಸಿಗೆಯಲ್ಲಿ ತಲೆ ಕೆಟ್ಟು, ಗರಾಜ್ ಸೇಲಿನಲ್ಲಿ ಎರಡು ಹಳೆಯ ಸೈಕಲ್ ಕೊಂಡೆವು.

ಎರಡು ಬೀದಿ ದಾಟಿದರೆ ಹಳೆಯ ರೈಲಿನ ದಾರಿ. ಹಳಿ ಕಿತ್ತು, ಜಲ್ಲಿಪುಡಿ ಹಾಸಿ, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟಿದ್ದರು. ಏರಿಲ್ಲ, ಇಳಿಜಾರಿಲ್ಲ, ಕಾರುಗಳ ಕಾಟವಿಲ್ಲ. ದಿನಕ್ಕೆರಡು ಮೈಲಿಯಿಂದ ಶುರುಮಾಡಿ ಆಗಸ್ಟಿನ ಹೊತ್ತಿಗೆ ಹತ್ತಕ್ಕೆ ಬಂದೆವು. ಆಮೇಲೆ ಅವಳು ಹಟ ಹಿಡಿದಳು, ದಾರಿ ಮುಗಿಯುವವರೆಗೆ, ಫಾಕ್ಸ್ ನದಿಯವರೆಗೆ ಹೋಗಲೇಬೇಕು ಅಂತ. ಇಪ್ಪತ್ತು ಮೈಲಿ.

ಆ ಹಟದ ಹಿಂದೆ ಇದ್ದವರು ಅವಳ ಅಪ್ಪ. ಹೈಸ್ಕೂಲಿಗೆ ಬಂದ ಮಗಳಿಗೆ ಇನ್ನು ಸೈಕಲ್ ಬೇಡ ಅಂತ ನಿಲ್ಲಿಸಿದ್ದವರು ಅವರೇ. ಇಲ್ಲಿ ಮತ್ತೆ ತುಳಿಯುತ್ತಿದ್ದಾಳೆ ಎಂದರೆ ನಂಬದೆ ಫೋನಿನಲ್ಲಿ ನಕ್ಕಿದ್ದರಂತೆ.

"ತುಮಕೂರಿಂದ ಗುಬ್ಬಿ ದಾಟಿ ಇನ್ನೂ ಆಚೆ ಹೋದಷ್ಟು ದೂರ ಅಂತ ಅಬ್ಬಾಗೆ ಹೇಳ್ತೀನಿ. ನೀನೇ ಸಾಕ್ಷಿ, ನೀನೂ ಮಾತಾಡ್ಬೇಕು," ಅಂದಳು.

ಶನಿವಾರ ಬೆಳಿಗ್ಗೆ ಆರಕ್ಕೆ ಮುಂಚೆಯೇ ಹೊರಟೆವು. ನನ್ನ ಚೀಲದಲ್ಲಿ ಚಿತ್ರಾನ್ನದ ಡಬ್ಬ, ಗಂಡನ ಸೆಲ್ ಫೋನು. ಅವಳ ಚೀಲದಲ್ಲಿ ಊರಿಗೆ ಮಾತಾಡಲು ಹೊಸ ಕಾಲಿಂಗ್ ಕಾರ್ಡು. ಹಾಳು ಹುಡುಗಿ, ದಾರಿಯುದ್ದಕ್ಕೂ ನನಗಿಂತ ಮುಂದೆ, ತಿರುಗಿ ತಿರುಗಿ ನೋಡಿ ರೇಗಿಸುತ್ತಿದ್ದಳು. ನದಿಗೆ ಇನ್ನೆರಡು ಮೈಲಿ ಇರುವಾಗ ಫೋನ್ ಬಂತು. ನಾನು ಇಳಿದು ನಿಂತೆ, ಅವಳು ಮುಂದೆ ಹೋದಳು.

"ಅವಳು ಪಕ್ಕದಲ್ಲಿದಾಳಾ?" ಗಂಡನ ದನಿ ಮೆತ್ತಗಿತ್ತು. "ಅವಳಪ್ಪ ಹೋಗ್ಬಿಟ್ರಂತೆ. ಹಾರ್ಟ್ ಅಟ್ಯಾಕ್. ದಾರೀಲಿ ಹೇಳ್ಬೇಡ, ಬಿದ್ದುಗಿದ್ದಾಳು. ಬೇಗ ಮನೆಗೆ ಬರ್ಬೇಕಂತೆ. ಎಲ್ಲಿದೀರಿ, ಕಾರ್ ತರ್ತೀವಿ."

"ಕಾರ್ ಬೇಡ. ನೋಡಿದ ತಕ್ಷಣ ಅವಳಿಗೆ ಗೊತ್ತಾಗತ್ತೆ. ಹತ್ರದಲ್ಲೇ ಇದೀವಿ, ವಾಪಸ್ ಹೊರಟಾಯ್ತು," ಎಂದೆ. ಎರಡೂ ಸುಳ್ಳು. ಫೋನನ್ನು ಆಫ್ ಮಾಡಿ ಚೀಲದ ತಳಕ್ಕೆ ಹಾಕಿದೆ.

ನಮ್ಮಲ್ಲಿ ಸಾವಿನ ಸುದ್ದಿಯನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ. "ಸ್ವಲ್ಪ ಸೀರಿಯಸ್, ಹೊರಟು ಬಾ" ಅಂತ ಕರೆಸುತ್ತೇವೆ. ತಾತ ಹೋದಾಗ ಹಾಸ್ಟೆಲಿನಲ್ಲಿದ್ದ ನನಗೂ ಹಾಗೇ ಹೇಳಿದ್ದರು, ನಾನು ಬರುವವರೆಗೆ ಐಸಿನಲ್ಲಿಟ್ಟು ಒಂದೂವರೆ ದಿನ ಕಾದಿದ್ದರು. ಅದೇ ಲೆಕ್ಕ ಹಾಕಿದೆ. ಹೋದವರು ಹೋದರು, ಟಿಕೆಟ್ ಸಿಗುವುದಕ್ಕೇ ಎರಡು ದಿನ ಬೇಕು. ಇನ್ನೊಂದು ಗಂಟೆ ಅವಳು ಖುಷಿಯಾಗಿರಲಿ, ನದಿಯನ್ನು ನೋಡಲಿ ಅನ್ನಿಸಿತು. ನನ್ನ ಒಳ್ಳೆಯತನಕ್ಕೆ ನನಗೇ ಕಣ್ಣು ತುಂಬಿ ಬಂತು.

ನದಿ ಅಂಥದ್ದೇನಲ್ಲ, ಅಗಲವಾಗಿ, ಕಂದು ಬಣ್ಣದಲ್ಲಿ ಹರಿಯುತ್ತಿತ್ತು. ಅವಳು ಮಾತ್ರ ಸೈಕಲ್ ಬಿಸಾಕಿ, ಚೂಡಿದಾರದ ಕಾಲು ಮಡಚಿಕೊಂಡು ನೀರಿಗಿಳಿದು ಕೂಗಾಡಿದಳು. ಡಬ್ಬ ಬಿಚ್ಚಿದೆ. ಎರಡು ಸಲ ಹಾಕಿಸಿಕೊಂಡು ತಿಂದಳು.

"ಅಲ್ಲೀಗ ಸಂಜೆ. ಫೋನ್ ಕೊಡೆ, ಇಲ್ಲಿಂದಲೇ ಅಬ್ಬಾಗೆ ಮಾಡ್ತೀನಿ," ಅಂತ ಕಾರ್ಡ್ ತೆಗೆದಳು.

"ಬ್ಯಾಟರಿ ಮುಗಿದಿದೆ ಕಣೆ. ಮನೆಗೆ ಹೋಗಿ ಮಾಡು."

ಅವಳು ಬೇಜಾರೂ ಮಾಡಿಕೊಳ್ಳಲಿಲ್ಲ. ಒಂದು ಗಂಟೆ ಅಲ್ಲೇ ಕೂತೆವು. ವಾಪಸ್ಸು ಬರುವಾಗ ಬಿಸಿಲೇರಿತ್ತು. ಅವಳಿಗೆ ಸುಸ್ತು, ನಾನು ಅವಸರ ಮಾಡಲಿಲ್ಲ.

ಮನೆ ಸೇರಿದಾಗ ಹನ್ನೊಂದೂವರೆ. ಅವಳ ಗಂಡ ಮೆಟ್ಟಿಲ ಮೇಲೆ ಕಾಯುತ್ತಿದ್ದ, ಅಲ್ಲೇ ಹೇಳಿದ. ಅಷ್ಟರಲ್ಲಿ ತುಮಕೂರಿನಲ್ಲಿ ರಾತ್ರಿಯ ನಮಾಜು ಮುಗಿಸಿ ಮಣ್ಣು ಮಾಡಿಯಾಗಿತ್ತು. ಅವಳ ಅಣ್ಣ ಫೋನನ್ನು ಅಪ್ಪನ ಪಕ್ಕದಲ್ಲೇ ಇಟ್ಟುಕೊಂಡು, ತಂಗಿ ಒಂದು ಮಾತಾಡಲಿ ಅಂತ ಕೊನೆಯವರೆಗೂ ಕಾದಿದ್ದನಂತೆ. ಅವರಲ್ಲಿ ಅದೇ ದಿನ ಮುಗಿಸಿಬಿಡುತ್ತಾರೆ, ಯಾರಿಗೂ ಕಾಯುವುದಿಲ್ಲ. ಎರಡು ವರ್ಷ ಅವಳ ಮನೆಯ ಬಿರಿಯಾನಿ ತಿಂದವಳಿಗೆ ಅಷ್ಟು ಗೊತ್ತಿರಲಿಲ್ಲ. ಕೇಳುವ ಗೋಜಿಗೂ ನಾನು ಹೋದವಳಲ್ಲ.

ಆಮೇಲೆ ಅವಳು ಮೇಲೆ ಬರುವುದು ಕಡಿಮೆಯಾಯಿತು. ನಾನು ಇಳಿದು ಹೋಗುತ್ತಿದ್ದೆ, ಟೀ ಕೊಡುತ್ತಿದ್ದಳು, ಅಷ್ಟೇ. ನವೆಂಬರಿನಲ್ಲಿ ಅವಳ ಗಂಡನಿಗೆ ಡೆಟ್ರಾಯಿಟ್ ಕಡೆ ಕೆಲಸವಾಯಿತು, ಲಿವೋನಿಯಾದಲ್ಲಿ ಮನೆ ಹಿಡಿದರು. ಕೆಳಗೆ ಬಾಡಿಗೆ ಟ್ರಕ್ಕಿಗೆ ಸಾಮಾನು ಏರಿಸುತ್ತಿರುವಾಗ ಅವಳು ನನ್ನ ಚಿತ್ರಾನ್ನದ ಡಬ್ಬ ಹಿಡಿದು ಬಂದಳು. ಆ ದಿನ ತಿಂದಾದ ಮೇಲೆ ಅವಳ ಚೀಲಕ್ಕೆ ಸೇರಿ ಅಲ್ಲೇ ಉಳಿದದ್ದು.

"ನಿಜ ಹೇಳು. ನದಿ ಹತ್ರ ಕೂತಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಬ್ಯಾಟರಿ?"

"ಇತ್ತು ಕಣೆ. ನೀನು ಸ್ವಲ್ಪ ಹೊತ್ತು ಖುಷಿಯಾಗಿರ್ಲಿ ಅಂತ..."

ಕೂಗಾಡಿದ್ದರೆ, ಎರಡು ಬಾರಿಸಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಮೆಲ್ಲಗೆ ಹೇಳಿದಳು:

"ನಾವು ತಿಂತಾ ಕೂತಿದ್ವಲ್ಲ, ಆಗ ಅಬ್ಬಾ ಇನ್ನೂ ಮನೇಲೇ ಇದ್ರು."

ಡಬ್ಬ ನನ್ನ ಕೈಗಿಟ್ಟು ಇಳಿದು ಹೋದಳು. ನನ್ನ ಡಬ್ಬವನ್ನು ಅವಳು ಎಂದೂ ಖಾಲಿ ಕೊಟ್ಟವಳಲ್ಲ, ಒಂದು ಹಿಡಿ ಸಕ್ಕರೆಯಾದರೂ ಇರುತ್ತಿತ್ತು. ಟ್ರಕ್ಕು ಹೊರಟ ಮೇಲೆ ತೆರೆದು ನೋಡಿದೆ. ತೊಳೆದು, ಒರೆಸಿ, ಖಾಲಿ ಕೊಟ್ಟಿದ್ದಳು.