ಸುಗ್ಗಿ ಕುಣಿತ ಅಲ್ಲ ಅದು

ಕಣ್ಣು ತೋರಸಲಿಕ್ಕಂತ ಬೆಂಗಳೂರಿಗಿ ತಂಗಿ ಮನಿಗಿ ಬಂದಿದ್ದೆ. ತಂಗಿ ಮಗಳು ಅಲ್ಲೊಂದು ದೊಡ್ಡ ಆರ್ಕೆಸ್ಟ್ರಾದಾಗ ಪಿಟೀಲು ನುಡಸ್ತಾಳ. ಶನಿವಾರ, ಆದಿತ್ವಾರ ಎರಡು ದಿನ ಅವರ ಕಾರ್ಯಕ್ರಮ ಇತ್ತು. ನನ್ನ ಕರಕೊಂಡು ಹೋಗಿ ಖುರ್ಚಿ ಮ್ಯಾಲ ಕೂಡಿಸಿ ಕೈಯಾಗ ಒಂದು ಪುಸ್ತಿಕೆ ಇಟ್ಳು. ನುಣುಪು ಕಾಗದ, ಹೊಸಾ ಮಸಿ ವಾಸನಿ. ನುಡಸೋ ಪ್ರತಿಯೊಂದು ಸಂಗೀತದ ಹಿಂದಿನ ಕತಿ ಇದರಾಗ ಬರದಾರ, ಓದ್ಕೋತ ಕೂಡು ದೊಡ್ಡವ್ವ, ಅಂತ ಹೇಳಿ ಒಳಗ ಹೋದಳು. ಓದಿದೆ. ನಾಕನೇದಕ್ಕ ಬಂದಾಗ ಕನ್ನಡಕ ತಗದು ಒರಸಿ ಮತ್ತ ಓದಿದೆ. 'ಸುಗ್ಗಿ ಕುಣಿತ. ಶಹಾಬಾದ್ ಸೀಮೆಯ ರೈತರು ರಾಶಿ ಮುಗಿಸಿದ ಸಂಭ್ರಮದಲ್ಲಿ ಹಾಡಿ ಕುಣಿಯುವ ಧಾಟಿ. ರಚಿಸಿದವರು ತಿಳಿದಿಲ್ಲ.'

ತಿಳಿದಿಲ್ಲಂತ! ಐವತ್ತು ವರ್ಷದಾಗ ಒಬ್ಬರೂ ಕೇಳಿಲ್ಲ, ತಿಳಿದಿಲ್ಲಂತ ಬರೀಲಿಕ್ಕ ಮಾತ್ರ ಬಂತು. ಎತ್ತು ಈದದ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಮಂದಿ. ರಾಶಿನೂ ಅಲ್ಲ, ಕುಣಿತಾನೂ ಅಲ್ಲ. ಅದನ್ನ ಕಟ್ಟಿದಾತ ನನ್ನ ಗ್ವಾಡಿ ಆಚಿ ಇದ್ದ.

ಶಹಾಬಾದಿಗಿ ನಾ ಪ್ರೈಮರಿ ಸಾಲಿ ಟೀಚರಾಗಿ ಹೋದಾಗ ಇನ್ನೂ ಮೈಸೂರು ರಾಜ್ಯ ಅಂತಿದ್ರು. ಬಾಡಿಗಿ ಮನಿ, ನೆಲಾ ಪರಸಿ ಕಲ್ಲು, ಗ್ವಾಡಿ ಪರಸಿ, ಮ್ಯಾಲೂ ಪರಸಿ. ಪಕ್ಕದ ಮನ್ಯಾತ ಲಗ್ನದ ಬ್ಯಾಂಡಿನಾಗ ಕ್ಲಾರಿನೆಟ್ ಊದತಿದ್ದ. ಓಣಿ ಮಂದಿಗೆಲ್ಲ ಬಾಜಾ ಚಾಚಾ. ಲಗ್ನ ಇಲ್ಲದ ದಿನ ಪರಸಿ ಪಾಲಿಶ್ ಮಾಡೋ ಕಾರ್ಖಾನಿಗಿ ಹೋಗ್ತಿದ್ದ, ಸಂಜಿಗಿ ಬರಬೇಕಾದ್ರ ಹುಬ್ಬು ರೆಪ್ಪಿ ಎಲ್ಲಾ ಬೂದಿಬಣ್ಣ. ನಾ ಹುಡುಗರ ನೋಟ್‌ಬುಕ್ ತಿದ್ದಲಿಕ್ಕ ಕೂಡೋದಕ್ಕೂ ಆತ ಊದಲಿಕ್ಕ ಕೂಡೋದಕ್ಕೂ ಸರಿ ಹೋಗ್ತಿತ್ತು. ನಾ ಗ್ವಾಡಿ ಬಡೀತಿದ್ದೆ. ನಿಮ್ಮ ಹುಡುಗರ ಲೆಕ್ಕ ತಪ್ಪಿದ್ರ ನನ್ನ ಸುರ್ ಮ್ಯಾಲ ಯಾಕ್ ಸಿಟ್ರಿ ಟೀಚರಮ್ಮ, ಅಂತ ಆಚಿಂದ ನಗತಿದ್ದ.

ಅವನ ಬಾಗಲ ಮುಂದ ಒಂದು ದೊಡ್ಡ ಮಣ್ಣಿನ ಗಡಗಿ ಇರ್ತಿತ್ತು, ಅದರ ಮ್ಯಾಲ ಒಂದು ಗಲಾಸು. ಹೋಗೋರು ಬರೋರು ಯಾರರ ಕುಡೀಬಹುದು. ಮಳಿಗಾಲದಾಗೂ ತುಂಬೇ ಇರಬೇಕು. ನೀರು ತಳ ಕಂಡ್ರ ಹೆಂಡ್ತಿ ಮ್ಯಾಲ ಒದರತಿದ್ದ. ಭಾಳ ಶಾಂತ ಮನಶಾ ಆತ, ಅದೊಂದಕ್ಕ ಮಾತ್ರ ಒದರತಿದ್ದ. ಪುಣ್ಯಕ್ಕ ಇಟ್ಟಿರಬೇಕು ಅಂತ ನಾ ತಿಳಕೊಂಡಿದ್ದೆ.

ಮೊಹರಮ್ಮಿನ ಕಡೀ ದಿನ ಮಧ್ಯಾಹ್ನ ಅಲಾಯಿ ದೇವರನ್ನ ಹಳ್ಳಕ್ಕ ಒಯ್ಯೋವಾಗ ಓಣಿ ಮಂದಿ ಎಲ್ಲಾ ಹೊರಗ ಬರ್ತಿದ್ರು. ವಿಭೂತಿ ಹಚ್ಚಿದವರು, ಟೋಪಿ ಹಾಕಿದವರು, ಎಲ್ಲಾರೂ ದೇವರ ಮುಂದ ಕೊಡ ನೀರು ಸುರೀತಿದ್ರು. ಆವಾಗ ಹಲಗಿ ಬಡಿಯೋದು ನಿಲ್ಲಿಸಿ ಚಾಚಾಗ ಜಾಗಾ ಬಿಡತಿದ್ರು. ಆತ ಒಂದೇ ಒಂದು ಧಾಟಿ ನುಡಸ್ತಿದ್ದ, ವರ್ಷಕ್ಕ ಒಂದೇ ಸಲ. ಸುರ್ ಮ್ಯಾಲ ಮ್ಯಾಲ ಏರಿ ಏನೋ ಕೇಳಿದಂಗ ಆಗ್ತಿತ್ತು, ಅಷ್ಟರಾಗ ಬಾಯಿಂದ ಕ್ಲಾರಿನೆಟ್ ತಗದು ಸುಮ್ಮನ ನಿಂದರತಿದ್ದ. ಹಿಂಗ ಮೂರು ಸಲ. ಯಾರೂ ಕೆಮ್ಮತಿದ್ದಿಲ್ಲ. ಮೊದಲನೇ ವರ್ಷ ಬಾಜಾ ಕೆಟ್ಟಿರಬೇಕು ಅಂತ ನಾ ನಕ್ಕೆ... ಪಕ್ಕದಾಕಿ ನನ್ನ ಕೈ ಚಿವುಟಿದಳು.

ಆಮ್ಯಾಲ ಒಂದಿನ ಅಕ್ಕಿ ಆರಸ್ಕೋತ ಕುಂತಾಗ ಚಾಚಾನ ಹೆಂಡ್ತಿ ಹೇಳಿದಳು. ಅವರಿಗಿ ಒಬ್ಬ ಮಗ ಇದ್ದ, ನಾಕು ವರ್ಷದಾಂವ. ಒಂದು ಬ್ಯಾಸಗಿ ವಾಂತಿ ಭೇದಿ ಹತ್ತಿತು. ನೀರು ಕೊಟ್ರ ಇನ್ನಷ್ಟು ಕಿತ್ಕೊಂತದ, ಹನಿ ನೀರೂ ಕೊಡಬ್ಯಾಡ್ರಿ, ಅಂತ ಹಿರೇರು ಹೇಳಿದ್ರು. ಆಗ ಎಲ್ಲಾರ ಮನ್ಯಾಗೂ ಹಂಗೇ ಮಾಡ್ತಿದ್ರು, ನಮ್ಮ ಮನ್ಯಾಗೂ. ಹುಡುಗ ಅಪ್ಪನ ತೊಡಿ ಮ್ಯಾಲ ಮಲಕೊಂಡು ನೀರು ಕೇಳಿದ. ಚಾಚಾ ಜವಾಬು ಕೊಡಲಿಲ್ಲ. ಮತ್ತ ಕೇಳಿದ. ಮೂರನೇ ಸಲ ಕೇಳಿ ಸುಮ್ಮನಾದ... ಕರ್ಬಲಾದ ಯುದ್ಧದಾಗ ನೀರು ತಡದವರು ವೈರಿಗಳು ಟೀಚರಮ್ಮ, ನಮ್ಮ ಹುಡುಗನ ನೀರು ನಾವೇ ತಡದೀವಿ, ಅಂದ್ಳು ಆಕಿ. ಅಕ್ಕಿ ಆರಸೋದು ಮಾತ್ರ ನಿಲ್ಲಿಸಲಿಲ್ಲ.

ರಾಜ್ಯಕ್ಕ ಕರ್ನಾಟಕ ಅಂತ ಹೆಸರಾದ ವರ್ಷ ಊರ ದೊಡ್ಡ ಮಂದಿ ಒಂದು ಸಮಿತಿ ಮಾಡಿ ಸಮಾರಂಭ ಇಟ್ಟುಕೊಂಡ್ರು. ಪಟ್ಟಣದಿಂದ ಆರ್ಕೆಸ್ಟ್ರಾ ಕರಸಿದ್ರು. ಅದನ್ನ ನಡಸೋ ಸಾಹೇಬ ಒಂದು ವಾರ ಮೊದಲೇ ಬಂದು, ಈ ಮಣ್ಣಿನ ಒಂದು ಧಾಟಿ ಬೇಕು ಅಂದ. ಸಮಿತ್ಯಾಗ ನಾನೂ ಇದ್ದೆ. ನನ್ನ ಬಾಯಿಗಿ ಕೀಲಿ ಎಲ್ಲಿತ್ತು? ನಮ್ಮ ಪಕ್ಕದ ಮನ್ಯಾಗೇ ಒಬ್ಬ ಉಸ್ತಾದ ಇದ್ದಾನ ನೋಡ್ರಿ, ಅಂತ ಮೆರಕೋತ ಕರಕೊಂಡು ಹೋದೆ.

ಚಾಚಾ ನುಡಸಲಿಕ್ಕ ಭಾಳ ಹಿಂದ ಮುಂದ ನೋಡಿದ. ಕಡೀಗಿ ನುಡಸಿದ, ಸಾಹೇಬ ಹಾಳಿ ಮ್ಯಾಲ ಬರಕೊಂಡ. ಆಮ್ಯಾಲ ಚಾಚಾ ಎರಡೇ ಮಾತು ಕೇಳಿದ. "ಇದು ಖುಷಿದಲ್ಲರಿ ಸಾಬ್, ಮಂದಿಗಿ ಮೊದಲೇ ಹೇಳ್ರಿ. ಮತ್ತ ಈ ಮೂರು ಖಾಲಿ ಜಾಗಾ ಖಾಲೀನೇ ಇರಲಿ. ಅಲ್ಲಿ ನನ್ನ ಮಗ ನೀರು ಕೇಳ್ಯಾನ, ನಾ ಜವಾಬು ಕೊಟ್ಟಿಲ್ಲ." ಸಾಹೇಬ ತಲಿ ಆಡಿಸಿದ. ಚಾಚಾ ಅವನ್ನ ನೋಡಲಿಲ್ಲ, ನನ್ನ ನೋಡಿದ. ನಾ ಇದ್ದೀನಲ್ಲ ಚಾಚಾ, ಜವಾಬ್ದಾರಿ ನಂದು, ಅಂದೆ.

ಸಮಾರಂಭದ ದಿನ ಸಾಲಿ ಮೈದಾನ ತುಂಬಿತ್ತು. ಶುರುವಾಗೋಕಿಂತ ಜರಾ ಮೊದಲು ಸಮಿತಿ ಅಧ್ಯಕ್ಷ ನನ್ನ ಕರದು, ನಾಡಿನ ಹಬ್ಬದ ದಿನ ಅಳೋ ಪದ ಯಾಕ್ರಿ, ಸುಗ್ಗಿ ಕುಣಿತ ಅಂತ ಹೇಳಸೋಣು, ಸಾಹೇಬರೂ ಒಪ್ಪ್ಯಾರ, ಅಂದ. ಅದು ಹಂಗಲ್ಲರಿ, ಅಂತ ಅರ್ಧ ಮಾತು ಆಡಿದೆ. ನಿಮಗ ಚಿಂಚೋಳಿ ಅಡವ್ಯಾಗಿನ ಸಾಲಿ ಭಾಳ ಚಂದ ಆಗ್ತದ ಅಂತ ಕಾಣಸ್ತದ, ಅಂತ ಆತ ನಕ್ಕೋತ ಹೇಳಿದ. ಉಳದರ್ಧ ಮಾತು ನಾ ನುಂಗಿದೆ. ಥೂ ನನ್ನ ಬಾಳೇ! ವರ್ಗ ಮಾಡಿದ್ರ ಹೋಗಬೇಕಿತ್ತು ಚಿಂಚೋಳಿಗಿ. ಅಲ್ಲಿ ಏನು ಮನಶಾರಿಲ್ಲೇನು?

ಚಾಚಾ ಬ್ಯಾಂಡಿನ ಕೆಂಪು ಕೋಟು ಇಸ್ತ್ರಿ ಮಾಡಿಸಿ ಹಾಕ್ಕೊಂಡು ಹೆಂಡ್ತಿ ಜೊತಿ ಮೂರನೇ ಸಾಲಿನಾಗ ಕುಂತಿದ್ದ. ಆಕಿ ಕೈಯಾಗ ಅತ್ತರ ಹಚ್ಚಿದ ಕರ್ಚೀಪು ಇತ್ತು. 'ಈಗ ಸುಗ್ಗಿ ಕುಣಿತ' ಅಂತ ಮೈಕಿನಾಗ ಒದರಿದ್ರು. ಅದೇ ಧಾಟಿ, ಆದ್ರ ಓಡಿಸಿಕೋತ ಹೊಂಟಿದ್ರು. ಮೊದಲನೇ ಖಾಲಿ ಜಾಗಾ ಬಂತು. ಅಲ್ಲಿ ಝಣ್ ಅಂತ ತಾಳ ಹೊಡದು ಡ್ರಮ್ ಬಾರಿಸಿದ್ರು. ಮಂದಿ ಚಪ್ಪಾಳಿ ಹಾಕಲಿಕ್ಕ ಹತ್ತಿದ್ರು. ಎರಡನೇದಕ್ಕ ಚಾಚಾ ಎದ್ದು ನಿಂತು, ಬಸ್ ನಿಲ್ಲಿಸೋರಂಗ ಕೈ ಎತ್ತಿದ. ಮೂರನೇದಕ್ಕ ಅವನ ದನಿ ಕೇಳಿತು. "ನಿಂದರ್ರಿ... ಅಲ್ಲಿ ಹುಡುಗ ನೀರು ಕೇಳಲಿಕತ್ತಾನ."

ಕುಡದು ಬಂದಾನ ಅಂತ ಇಬ್ಬರು ಸ್ವಯಂಸೇವಕರು ರಟ್ಟಿ ಹಿಡದು ಹೊರಗ ಒಯ್ದರು. ಆತ ಜನ್ಮದಾಗ ಕುಡದಾಂವ ಅಲ್ಲ. ಹೆಂಡ್ತಿ ಬುರ್ಖಾ ಸಾವರಿಸಿಕೋತ ಹಿಂದಿಂದ ಹೋದಳು. ನಾ ವೇದಿಕಿ ಪಕ್ಕದಾಗ ನಿಂತಿದ್ದೆ. ಇದನ್ನ ಯಾರಿಗೂ ಹೇಳಿಲ್ಲ, ಈಗ ಹೇಳತೀನಿ. ನನ್ನ ಕೈನೂ ಚಪ್ಪಾಳಿ ಹಾಕಲಿಕತ್ತಿದ್ದವು.

ಮರುದಿನ ಮುಂಜಾನಿ ಹೋದೆ. ಬೈಯಲಿ, ಹೊಡೀಲಿ ಅಂತೇ ಹೋಗಿದ್ದೆ. ಆತ ಗಡಗ್ಯಾಗಿನ ನೀರು ಗಲಾಸಿನಾಗ ಕೊಟ್ಟ. ನಾ ಕುಡದು ಮುಗಸೋತನಕ ತಡದು ಹೇಳಿದ, "ಅವತ್ತು ನಾ ಸುಮ್ಮನಿದ್ದೆ ಟೀಚರಮ್ಮ. ನಿನ್ನೆ ನೀವು ಸುಮ್ಮನಿದ್ರಿ." ಅದರಾಗ ಸಿಟ್ಟಿದ್ದಿಲ್ಲ. ಇದ್ದಿದ್ರ ಛಲೋ ಇತ್ತು.

ಮರುವರ್ಷದ ಮೊಹರಮ್ಮಿಗಿ ಆತ ಊದಲಿಲ್ಲ. ಮುಂದ ವಾಡ್ಯಾಗಿದ್ದ ಹೆಂಡ್ತಿ ತಮ್ಮನ ಕಡಿ ಹೋದ್ರು. ವಾಡಿ ಏನು ದೂರ, ರೈಲಿನಾಗ ಕುಂತು ಒಂದು ಚಾ ಕುಡಿಯೋದ್ರಾಗ ಬರ್ತದ. ನಾ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗೋದು, ಇವತ್ತ ನಾಳಿ... ತೀರಿಕೊಂಡ ಸುದ್ದಿನೂ ಎಷ್ಟೋ ತಿಂಗಳ ಮ್ಯಾಲ ಬಂತು. ಹೆಂಡ್ತಿನೂ ಹೋದಳು. ಕ್ಲಾರಿನೆಟ್ ಯಾರ ಮನಿ ಸೇರಿತೋ ಗೊತ್ತಿಲ್ಲ. ಆ ಸಾಹೇಬ ಬರಕೊಂಡ ಹಾಳಿ ಮಾತ್ರ ಕೈಯಿಂದ ಕೈಗಿ ದಾಟಿ ಗಟ್ಟಿಮುಟ್ಟಾಗಿ ಉಳದದ.

ಶನಿವಾರ ಬೆಂಗಳೂರಾಗ ಕೇಳಿದ್ದೂ ಅದೇ. ಅದೇ ಓಟ, ಖಾಲಿ ಜಾಗಾದಾಗ ಅದೇ ತಾಳ. ಮುಗದ ಮ್ಯಾಲ ಕೊರಳಾಗ ಕಾರ್ಡು ಹಾಕ್ಕೊಂಡ ಒಬ್ಬ ಹುಡುಗನ್ನ ಹಿಡದು, ನೀವು ಬರದದ್ದು ಸುಳ್ಳ ಅದ, ಅಂದೆ. ಹೌದಾ ಮೇಡಂ, ಇಂಟ್ರೆಸ್ಟಿಂಗ್, ಒಂದು ಈಮೇಲ್ ಕಳಿಸಿ, ಅಂದ. ಹುಡುಗ ಸತ್ತದ್ದಕ್ಕ ಈಮೇಲ್ ಕಳಸಬೇಕಂತ! ಮನಿಗಿ ಬಂದು ತಂಗಿ ಮಗಳಿಗಿ ಎಲ್ಲಾ ಹೇಳಿದೆ. ಆಕಿ ಪಿಟೀಲಿನ ಬಿಲ್ಲು ಒರಸ್ಕೋತ ಕೇಳಿದಳು. ಆಮ್ಯಾಲ, ಬರದದ್ದು ನುಡಸಲೇಬೇಕು ದೊಡ್ಡವ್ವ, ನಾ ಒಬ್ಬಾಕಿ ಬಿಟ್ರ ಏನಾಗ್ತದ, ಅಂದ್ಳು. ನಾ ಬೈಯಲಿಲ್ಲ. ಬೈಯಲಿಕ್ಕ ನನಗೇನು ಹಕ್ಕದ?

ಆದಿತ್ವಾರ ಮತ್ತ ಹೋಗಿ ಕುಂತೆ. ನಾಕನೇದು ಬಂತು. ಮೊದಲನೇ ಖಾಲಿ ಜಾಗಾದಾಗ ಝಣ್ ಅಂತು, ಎಲ್ಲಾ ಪಿಟೀಲಿನ ಬಿಲ್ಲೂ ಒಂದೇ ಸವನ ಆಡಿದವು. ಒಂದು ಬಿಲ್ಲು ಮಾತ್ರ ಮ್ಯಾಲೆತ್ತಿ ಹಿಡದಂಗೇ ನಿಂತಿತ್ತು. ನಮ್ಮ ಹುಡುಗಿದು. ಸದ್ದೇನೂ ಕಮ್ಮಿ ಆಗಲಿಲ್ಲ, ಖರೇ. ಎರಡನೇದಕ್ಕ ನಾ ಎದ್ದು ನಿಂತೆ. ಕೈ ಎತ್ತಿದೆ. ಹಿಂದಿನವರು ಕೂಡ್ರಿ ಕೂಡ್ರಿ ಅಂದ್ರು. ಮೂರನೇದು ಬರೋದ್ರಾಗ ಆ ಕಾರ್ಡಿನ ಹುಡುಗ ಬಗ್ಗಿಕೋತ ನನ್ನ ಹಂತೇಲಿ ಬಂದ. ಮುದುಕಿಗಿ ಸಂಕಟ ಆಗ್ಯಾದ ಅಂತ ತಿಳಕೊಂಡಿರಬೇಕು, ಪಾಪ, ಸಣ್ಣ ದನಿಲೆ ಕೇಳಿದ.

"ನೀರು ಬೇಕಾ ಅಜ್ಜಿ?"

ನನಗಲ್ಲಪ್ಪ, ಅಂದೆ. ಅವನಿಗಿ ತಿಳೀಲಿಲ್ಲ. ಅಷ್ಟರಾಗ ಚಪ್ಪಾಳಿ ಶುರುವಾಗಿತ್ತು.